ಚಂಡಮಾರುತದ ಅಂಚಿನ ಊರುಗಳು

2025ರ ಅಕ್ಟೋಬರ್ 28ರಂದು ಭೂಮಿಯ ಎರಡು ಕಡೆ ಎರಡು ಚಂಡಮಾರುತಗಳು ದಡ ಮುಟ್ಟಿದವು. ಅಟ್ಲಾಂಟಿಕ್ ಕಡೆಯ ಮೆಲಿಸ್ಸಾ ಗಂಟೆಗೆ ಸುಮಾರು 295 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ಜಮೈಕಾದ ನೈಋತ್ಯ ಕರಾವಳಿಗೆ ಅಪ್ಪಳಿಸಿತು. ಅಲ್ಲಿನವರ ಅಳತೆಗೋಲಿನಲ್ಲಿ ಅದು ಐದನೆಯ, ಅಂದರೆ ಅತ್ಯಂತ ಭೀಕರ ದರ್ಜೆಯ ಚಂಡಮಾರುತ. ಅದೇ ರಾತ್ರಿ ಬಂಗಾಳ ಕೊಲ್ಲಿಯ ಮೊಂಥಾ ಆಂಧ್ರದ ಕಾಕಿನಾಡ ಆಸುಪಾಸಿನಲ್ಲಿ ನೆಲಕ್ಕೆ ಬಂತು. ಮೆಲಿಸ್ಸಾಗೆ ಹೋಲಿಸಿದರೆ ಮೊಂಥಾದ ಗಾಳಿ ಬಹಳ ಕಡಿಮೆ ವೇಗದ್ದು. ಆದರೂ ನಮ್ಮ ಟಿವಿ ಪರದೆಗಳಲ್ಲಿ ಎರಡೂ ಒಂದೇ ತರಹ ಕಂಡವು: ಸುತ್ತುವ ಬಿಳಿ ಮೋಡ, ನಡುವೆ ಕಣ್ಣು, ಕಣ್ಣಿನ ದಾರಿ ತೋರಿಸುವ ಕೆಂಪು ಗೆರೆ.

ಆ ಕೆಂಪು ಗೆರೆಯ ಬಗ್ಗೆ ಕಾಸರಗೋಡಿನ ಕನ್ನಡಿಗರು ಸ್ವಲ್ಪ ಹೆಚ್ಚು ಯೋಚಿಸಬೇಕಾಗಿದೆ. ಚಂಡಮಾರುತ ಎದ್ದಾಗ ಜಗತ್ತಿನ ಗಮನ, ಕ್ಯಾಮೆರಾ, ಹಣ, ಅನುಕಂಪ ಎಲ್ಲವೂ ಆ ಗೆರೆಯ ಹಿಂದೆಯೇ ಓಡುತ್ತವೆ. ಗೆರೆಯಿಂದ ದೂರದಲ್ಲಿ ಮನೆ ಕಳೆದುಕೊಂಡವರು, ಗಾಳಿ ನಿಂತು ತಿಂಗಳಾದ ಮೇಲೆ ಸಾಯುವವರು, ಎಚ್ಚರಿಕೆಯ ಭಾಷೆ ಓದಲಾರದವರು ಆ ಓಟದಲ್ಲಿ ಹಿಂದೆ ಉಳಿಯುತ್ತಾರೆ. ಮಂಜೇಶ್ವರದಿಂದ ಕುಂಬಳೆಯ ವರೆಗಿನ ನಮ್ಮ ಕರಾವಳಿಯ ಮೇಲೆ ಇಂದಿನ ವರೆಗೆ ಯಾವ ದೊಡ್ಡ ಚಂಡಮಾರುತದ ಕಣ್ಣೂ ಹಾದುಹೋದ ನೆನಪು ಯಾರಿಗೂ ಇಲ್ಲ. ಆದರೂ ಇಲ್ಲಿ ಮನೆಗಳು ಕಡಲಿಗೆ ಬಿದ್ದಿವೆ.

2021ರ ಮೇ ತಿಂಗಳ ತೌಕ್ತೆಯನ್ನೇ ನೋಡೋಣ. ಮೇ 14ರ ಹೊತ್ತಿಗೆ ಲಕ್ಷದ್ವೀಪದ ಬಳಿ ರೂಪುಗೊಂಡು, ಕರಾವಳಿಗೆ ಸಮಾನಾಂತರವಾಗಿ ಉತ್ತರಕ್ಕೆ ಸಾಗಿ, 17ರ ರಾತ್ರಿ ಗುಜರಾತಿನ ಊನಾ ಬಳಿ ಅದು ನೆಲ ಹತ್ತಿತು. ಸುದ್ದಿಯಲ್ಲಿ ಉಳಿದದ್ದು ಗುಜರಾತ್ ಮತ್ತು ಮುಂಬಯಿ ಹೊರಗಡಲಿನಲ್ಲಿ ಮುಳುಗಿದ ಪಿ-305 ಬಾರ್ಜ್, ಅಂದರೆ ಕೆಲಸಗಾರರು ತಂಗುವ ಚಪ್ಪಟೆ ಹಡಗು. ಆದರೆ ಅದೇ ದಿನಗಳಲ್ಲಿ ಉಪ್ಪಳದ ಮುಸೋಡಿಯಲ್ಲಿ ಎರಡಂತಸ್ತಿನ ಮನೆಯೊಂದು ಕಡಲಕೊರೆತಕ್ಕೆ ಸಿಕ್ಕಿ ಕುಸಿದುಬಿತ್ತು. ಆ ದೃಶ್ಯವನ್ನು ಲಕ್ಷಾಂತರ ಜನ ಮೊಬೈಲಿನಲ್ಲಿ ನೋಡಿದರು, ಒಂದು ದಿನ ಮರುಗಿದರು. ಚಂಡಮಾರುತ ಗುಜರಾತಿಗೆ ಮುಟ್ಟುವ ಹೊತ್ತಿಗೆ ಮುಸೋಡಿ ಹಳೆಯ ಸುದ್ದಿಯಾಗಿತ್ತು.

ಕಣ್ಣು ಅಷ್ಟು ದೂರದಲ್ಲಿದ್ದಾಗ ಇಲ್ಲಿ ಮನೆ ಬೀಳುವುದು ಹೇಗೆ? ಚಂಡಮಾರುತ ಗಾಳಿಯನ್ನಷ್ಟೇ ಕಳುಹಿಸುವುದಿಲ್ಲ. ನಡುಗಡಲಿನಲ್ಲಿ ಅದು ಎಬ್ಬಿಸಿದ ಉದ್ದನೆಯ ಅಲೆಗಳು ನೂರಾರು ಕಿಲೋಮೀಟರ್ ಸಾಗಿ ಬರುತ್ತವೆ. ಅವು ದಡ ತಲುಪುವ ಹೊತ್ತು ಉಬ್ಬರದ ಹೊತ್ತೇ ಆಗಿಬಿಟ್ಟರೆ, ಮನೆಗೂ ಕಡಲಿಗೂ ನಡುವೆ ಇರುವ ಮರಳನ್ನು ಕೆಲವೇ ಗಂಟೆಗಳಲ್ಲಿ ಒಯ್ಯುತ್ತವೆ. ನಮ್ಮಲ್ಲಿ ಉಪ್ಪಳ, ಶಿರಿಯಾ, ಮೊಗ್ರಾಲ್ ಹೊಳೆಗಳ ಅಳಿವೆಗಳಿವೆ. ಅಳಿವೆಯ ಬಾಗಿಲು ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತದೆ, ಅದರ ಜೊತೆ ಮರಳದಿಣ್ಣೆಯೂ ಸರಿಯುತ್ತದೆ. ಬಂಡೆಗಲ್ಲು ಹಾಕಿದ ಕಡೆ ಅಲೆ ತಡೆದು ನಿಂತರೂ, ಕಲ್ಲಿನ ಸಾಲು ಮುಗಿಯುವ ಜಾಗದಲ್ಲಿ ಕೊರೆತ ಇನ್ನಷ್ಟು ಜೋರಾಗುತ್ತದೆ. ಒಂದು ವಾರ್ಡಿಗೆ ತಡೆಗೋಡೆ ಬಂದಾಗ ಪಕ್ಕದ ವಾರ್ಡಿನವರು ಹೆದರುವುದು ಸುಮ್ಮನೆ ಅಲ್ಲ. ಒಳನಾಡಿನಲ್ಲಿ ಅದೇ ಚಂಡಮಾರುತದ ಹೊರಸುತ್ತು ಘಟ್ಟದ ಕಡೆಗೆ ಮಳೆ ಎಳೆದು ತರುತ್ತದೆ. ಬದಿಯಡ್ಕ, ಪೆರ್ಲ, ಎಣ್ಮಕಜೆ ಕಡೆ ಅಡಿಕೆ ಮರಗಳು ಮುರಿದು ಬೀಳುತ್ತವೆ.

ಕಣ್ಣಿನಿಂದ ದೂರ ಇದ್ದವರ ಸಂಕಟ ನಮ್ಮದಷ್ಟೇ ಅಲ್ಲ. ಮೆಲಿಸ್ಸಾ ಹೈಟಿಯ ನೆಲವನ್ನು ಮುಟ್ಟಲೇ ಇಲ್ಲ. ಆದರೆ ಅದರ ಹೊರಸುತ್ತಿನ ಮಳೆಗೆ ಪೆಟಿಟ್ ಗೋವ್ ಎಂಬ ಪಟ್ಟಣದಲ್ಲಿ ಹೊಳೆ ಉಕ್ಕಿ ಮಕ್ಕಳೂ ಸೇರಿದಂತೆ ಹಲವರನ್ನು ಬಲಿ ತೆಗೆದುಕೊಂಡಿತು. 2017ರ ಓಖಿಯ ಕಣ್ಣೂ ಕೇರಳದ ದಡಕ್ಕೆ ಬರಲಿಲ್ಲ. ಕಡಲಿನ ಮೇಲೆಯೇ ಸಾಗುತ್ತ ಅದು ಕೇರಳ ಮತ್ತು ತಮಿಳುನಾಡಿನ ನೂರಾರು ಮೀನುಗಾರರನ್ನು ಕೊಂಡೊಯ್ದಿತು. ಚಂಡಮಾರುತದ ಎಚ್ಚರಿಕೆ ಹೊರಬೀಳುವ ಹೊತ್ತಿಗೆ ಬಹುದಿನದ ಮೀನುಗಾರಿಕೆಗೆ ಹೊರಟಿದ್ದ ದೋಣಿಗಳು ಆಗಲೇ ದೂರ ಹೋಗಿದ್ದವು.

ಸಹಾಯದ ಹಣ ಕೂಡ ಕಣ್ಣಿನ ಹಿಂದೆಯೇ ಹೋಗುತ್ತದೆ ಎಂಬುದಕ್ಕೆ ಜಮೈಕಾದ ವಿಮೆಯ ಕತೆ ಒಳ್ಳೆಯ ಸಾಕ್ಷಿ. ಆ ದೇಶ ವಿಶ್ವಬ್ಯಾಂಕಿನ ಮೂಲಕ 15 ಕೋಟಿ ಡಾಲರಿನ ವಿಪತ್ತು ಬಾಂಡ್ ಮಾಡಿಸಿಕೊಂಡಿತ್ತು. ಇದರಲ್ಲಿ ಹಾನಿ ಎಷ್ಟಾಯಿತು ಎಂದು ಯಾರೂ ಮನೆಮನೆಗೆ ಬಂದು ಅಳೆಯುವುದಿಲ್ಲ. ಚಂಡಮಾರುತದ ಕೇಂದ್ರ ಗೊತ್ತುಪಡಿಸಿದ ಚೌಕದೊಳಗೆ ಬಂತೇ, ಅಲ್ಲಿ ಗಾಳಿಯ ಒತ್ತಡ ಎಷ್ಟಕ್ಕೆ ಇಳಿಯಿತು ಎಂಬ ಲೆಕ್ಕ ಮಾತ್ರ ನೋಡುತ್ತಾರೆ. ಮೆಲಿಸ್ಸಾ ಬಂದಾಗ ಪೂರ್ತಿ ಹಣ ಸಿಕ್ಕಿತು, ಅದೂ ಬೇಗನೆ. ಆದರೆ ಹಿಂದಿನ ವರ್ಷ, 2024ರ ಜುಲೈಯಲ್ಲಿ, ಬೆರಿಲ್ ಎಂಬ ಚಂಡಮಾರುತ ಅದೇ ದ್ವೀಪದ ದಕ್ಷಿಣ ಕರಾವಳಿಯನ್ನು ಉಜ್ಜಿಕೊಂಡು ಹೋದಾಗ ಒತ್ತಡ ನಿಗದಿತ ಮಟ್ಟಕ್ಕೆ ಇಳಿದಿರಲಿಲ್ಲ ಎಂಬ ಕಾರಣಕ್ಕೆ ಒಂದು ಡಾಲರ್ ಕೂಡ ಬರಲಿಲ್ಲ. ಮಾಡು ಹಾರಿಹೋದ ಮನೆಗಳು ಆಗಲೂ ಇದ್ದವು. ಇಂತಹ ಲೆಕ್ಕಾಚಾರದ ವಿಮೆಯನ್ನು ಭಾರತದ ಕರಾವಳಿಗೂ ತರಬೇಕೆಂಬ ಮಾತು ಕೇಳಿಬರುತ್ತಿದೆ. ತರುವುದಾದರೆ ಚೌಕದ ಗೆರೆ ಎಲ್ಲಿ ಎಳೆಯುತ್ತಾರೆ ಎಂಬುದನ್ನು ಅಂಚಿನಲ್ಲಿರುವ ನಾವು ಮೊದಲೇ ಕೇಳಬೇಕು.

ಇನ್ನು ನಮ್ಮ ಮನೆಬಾಗಿಲಿನ ಲೆಕ್ಕ. 2022ರಿಂದ 2026ರ ವರೆಗಿನ ಅವಧಿಗೆ ಕೇಂದ್ರ ಸರಕಾರ ನಿಗದಿಪಡಿಸಿದ ವಿಪತ್ತು ಪರಿಹಾರದ ದರದಲ್ಲಿ ಸಮತಟ್ಟು ಪ್ರದೇಶದಲ್ಲಿ ಪೂರ್ತಿ ನಾಶವಾದ ಮನೆಗೆ 1.2 ಲಕ್ಷ ರೂಪಾಯಿ. ಪೂರ್ತಿ ಹಾಳಾದ ದೋಣಿಗೆ 15,000, ಬಲೆಗೆ 4,000. ಫೈಬರ್ ದೋಣಿ ಮತ್ತು ಎಂಜಿನ್ ಕೊಂಡವರಿಗೆ ಈ ಹದಿನೈದು ಸಾವಿರದ ಬೆಲೆ ಏನೆಂದು ವಿವರಿಸಬೇಕಾಗಿಲ್ಲ. ಅಡಿಕೆಯಂತಹ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ ಬೆಳೆಯ ಶೇಕಡಾ 33ಕ್ಕಿಂತ ಹೆಚ್ಚು ಭಾಗ ಹಾಳಾಗಿದ್ದರೆ ಮಾತ್ರ, ಎರಡು ಹೆಕ್ಟೇರಿನ ಮಿತಿಯೊಳಗೆ. ನಮ್ಮ ಜಿಲ್ಲೆಯಲ್ಲೇ ಇರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಅಡಿಕೆಗೆ ಶಿಫಾರಸು ಮಾಡುವ ಅಂತರ 2.7 ಮೀಟರ್. ಆ ಲೆಕ್ಕಕ್ಕೆ ಒಂದು ಹೆಕ್ಟೇರಿನಲ್ಲಿ ಸುಮಾರು 1,370 ಮರ. ಭಾಗಿಸಿ ನೋಡಿದರೆ ಒಂದು ಮರಕ್ಕೆ ಹದಿನಾರು ರೂಪಾಯಿ ಚಿಲ್ಲರೆ. ನೆಟ್ಟ ಸಸಿ ಫಸಲು ಕೊಡಲು ಐದಾರು ವರ್ಷ ಬೇಕು. ಆ ವರ್ಷಗಳಲ್ಲಿ ಕೃಷಿಕನ ಮನೆ ನಡೆಯುವುದು ಹೇಗೆಂಬ ಪ್ರಶ್ನೆಗೆ ಆ ದರಪಟ್ಟಿಯಲ್ಲಿ ಉತ್ತರ ಇಲ್ಲ.

ಕೇರಳ ಸರಕಾರದ ಬೆಳೆ ವಿಮೆ ಯೋಜನೆಯಲ್ಲಿ ಮರದ ಲೆಕ್ಕದಲ್ಲಿ ಪರಿಹಾರ ಉಂಟು, ಇದು ನಿಜಕ್ಕೂ ಒಳ್ಳೆಯದು. ಆದರೆ ಮೊದಲೇ ಪ್ರೀಮಿಯಂ ಕಟ್ಟಿರಬೇಕು, ಹಾನಿಯಾದ ಕೆಲವೇ ದಿನಗಳೊಳಗೆ ಕೃಷಿ ಭವನಕ್ಕೆ ತಿಳಿಸಬೇಕು, ಆನ್‌ಲೈನ್ ಅರ್ಜಿ ಹಾಕಬೇಕು. ಇಲ್ಲಿಂದ ಮುಂದಿನದು ಸರಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದ ಸರದಿ. ಕನ್ನಡ ಶಾಲೆಯಲ್ಲಿ ಕಲಿತ ಅರುವತ್ತು ದಾಟಿದ ಕೃಷಿಕನೊಬ್ಬ ಮಲಯಾಳ ಅಥವಾ ಇಂಗ್ಲಿಷಿನಲ್ಲಿರುವ ಪರದೆಯ ಮುಂದೆ ನಿಂತು, ತನ್ನ ತೋಟದ ಕತೆಯನ್ನು ಇನ್ನೊಬ್ಬರ ಬಾಯಿಂದ ಹೇಳಿಸಬೇಕಾಗುತ್ತದೆ. ಅಂಕಣ ತಪ್ಪಿದರೆ, ಸರ್ವೆ ನಂಬರು ತಪ್ಪಿದರೆ, ಅರ್ಜಿ ಮರಳಿ ಬಂದ ವಿಷಯವೂ ಅವನಿಗೆ ಓದಲಾಗದ ಸಂದೇಶದಲ್ಲಿಯೇ ಬರುತ್ತದೆ.

ಭಾಷೆಯ ಮಾತು ಎತ್ತಿದೊಡನೆ ಕೆಲವರು ಗಡಿ ವಿವಾದದ ನೆನಪು ತೆಗೆಯುತ್ತಾರೆ. ಆ ಚರ್ಚೆಗೆ ಬೇರೆ ವೇದಿಕೆಗಳಿವೆ. ಇಲ್ಲಿ ಕೇಳುತ್ತಿರುವುದು ಜೀವ ಉಳಿಸುವ ಮಾಹಿತಿಯನ್ನು ಜನರಿಗೆ ತಿಳಿಯುವ ಭಾಷೆಯಲ್ಲಿ ಕೊಡಿ ಎಂದಷ್ಟೆ. ಅದಕ್ಕೆ ಕಾನೂನಿನ ಬಲವೂ ಇದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ವ್ಯವಹರಿಸುವ ಹಕ್ಕನ್ನು ಒಪ್ಪಿಕೊಂಡಿತು. ಸಂವಿಧಾನದ 350ನೆಯ ವಿಧಿ ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದು ಎನ್ನುತ್ತದೆ. ಮನೆ ಕಳೆದುಕೊಂಡವನ ಮನವಿಗಿಂತ ದೊಡ್ಡ ಕುಂದುಕೊರತೆ ಯಾವುದಿದೆ?

ಎಚ್ಚರಿಕೆಯ ವಿಷಯದಲ್ಲಿ ಪರಿಸ್ಥಿತಿ ಇನ್ನೂ ವಿಚಿತ್ರ. ಓಖಿಯ ದುರಂತದ ನಂತರ, 2018ರಲ್ಲಿ, ಭಾರತೀಯ ಹವಾಮಾನ ಇಲಾಖೆ ತಿರುವನಂತಪುರದಲ್ಲಿ ಚಂಡಮಾರುತ ಎಚ್ಚರಿಕೆ ಕೇಂದ್ರವನ್ನು ತೆರೆಯಿತು. ಅದರ ಹೊಣೆ ಕೇರಳಕ್ಕೆ ಸೀಮಿತವಲ್ಲ, ಕರ್ನಾಟಕದ ಕರಾವಳಿಯೂ ಅದರ ವ್ಯಾಪ್ತಿಯಲ್ಲಿದೆ. ಅಂದರೆ ಗಡಿಯ ಊರಾದ ತಲಪಾಡಿಯ ಉತ್ತರಕ್ಕಿರುವ ಉಳ್ಳಾಲಕ್ಕೂ ದಕ್ಷಿಣಕ್ಕಿರುವ ಮಂಜೇಶ್ವರಕ್ಕೂ ಎಚ್ಚರಿಕೆ ಹುಟ್ಟುವುದು ಒಂದೇ ಕಡೆ. ಗಡಿಯ ಆಚೆ ಅದು ಕನ್ನಡವಾಗಿ ಮೀನುಗಾರರನ್ನು ತಲುಪುತ್ತದೆ, ಈಚೆ ಮಲಯಾಳವಾಗಿ ತಲುಪುತ್ತದೆ. ಮಂಗಳೂರು ಆಕಾಶವಾಣಿ ಕೇಳುವ ನಮ್ಮ ಹಿರಿಯರಿಗೆ ಸಿಗುವುದು ದಕ್ಷಿಣ ಕನ್ನಡ ಜಿಲ್ಲೆಯ ಎಚ್ಚರಿಕೆ. ಆ ದಿನ ಅಲ್ಲಿ ಆರೆಂಜ್ ಅಲರ್ಟ್ ಇದ್ದು ಕಾಸರಗೋಡಿನಲ್ಲಿ ರೆಡ್ ಅಲರ್ಟ್ ಇದ್ದರೆ, ತಪ್ಪು ಮಾಹಿತಿಯ ಮೇಲೆ ಅವರು ನಿರ್ಧಾರ ತೆಗೆದುಕೊಳ್ಳುತ್ತಾರೆ. ಮೀನುಗಾರಿಕೆ ನಿಷೇಧದಲ್ಲಿಯೂ ಇದೇ ಗೊಂದಲ ಉಂಟು: ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ, ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನ. ಎರಡೂ ಕಡೆಯ ದೋಣಿಗಳಲ್ಲಿ ದುಡಿಯುವವರು ಎರಡೂ ಕ್ಯಾಲೆಂಡರ್ ನೆನಪಿಟ್ಟುಕೊಳ್ಳಬೇಕು.

ಕೇರಳ ಈ ದಿಕ್ಕಿನಲ್ಲಿ ಏನೂ ಮಾಡಿಲ್ಲವೆಂದು ಹೇಳುವುದು ಅನ್ಯಾಯ. 2025ರ ಜನವರಿಯಲ್ಲಿ ಕವಚಂ ಎಂಬ ಸೈರನ್ ಜಾಲಕ್ಕೆ ಚಾಲನೆ ಸಿಕ್ಕಿದೆ. ಓಖಿಯ ನಂತರ ಇಸ್ರೋದ ನಾವಿಕ್ ಉಪಗ್ರಹ ವ್ಯವಸ್ಥೆಯ ಮೂಲಕ ಹೊರಗಡಲಿನಲ್ಲಿಯೂ ಸಂದೇಶ ಪಡೆಯುವ ಸಾಧನಗಳನ್ನು ದೋಣಿಗಳಿಗೆ ಕೊಟ್ಟರು. ಓಖಿಯಲ್ಲಿ ಕಾಣೆಯಾದವರ ವಿಷಯದಲ್ಲಿ ಕೇರಳ ತೋರಿದ ಮಾನವೀಯತೆಯನ್ನು ಮರೆಯುವಂತಿಲ್ಲ. ಏಳು ವರ್ಷ ಸುದ್ದಿ ಇಲ್ಲದಿದ್ದರೆ ಮಾತ್ರ ಸತ್ತರೆಂದು ಭಾವಿಸುವುದು ಸಾಮಾನ್ಯ ಸಾಕ್ಷ್ಯ ಕಾನೂನು. ಅಷ್ಟು ಕಾಯದೆ, ಶವ ಸಿಗದ ಕುಟುಂಬಗಳಿಗೂ 20 ಲಕ್ಷ ರೂಪಾಯಿ ಪರಿಹಾರ ಕೊಡಲು ಸರಕಾರ ತೀರ್ಮಾನಿಸಿತು. ನಿಯಮ ಮುರಿಯದೆಯೇ ನಿಯಮದ ಅಂಚಿನಲ್ಲಿದ್ದವರನ್ನು ಒಳಗೆ ಕರೆದುಕೊಳ್ಳಲು ಸಾಧ್ಯ ಎಂದು ಆ ತೀರ್ಮಾನ ತೋರಿಸಿತು. ಸೈರನ್ನಿನ ಜೊತೆ ಬರುವ ಮಾತು ಮಂಜೇಶ್ವರ ತಾಲೂಕಿನಲ್ಲಿ ಕನ್ನಡದಲ್ಲಿ, ಆಗುವುದಾದರೆ ತುಳುವಿನಲ್ಲಿಯೂ ಕೇಳಿಸಬೇಕೆಂಬ ಬೇಡಿಕೆಗೆ ಅದಕ್ಕಿಂತ ಬಹಳ ಕಡಿಮೆ ಔದಾರ್ಯ ಸಾಕು.

ಪುನರ್ಗೇಹಂ ಯೋಜನೆಯಲ್ಲಿಯೂ ಇಂತಹ ಒಂದು ಅಂಚು ಇದೆ. ಉಬ್ಬರ ರೇಖೆಯಿಂದ 50 ಮೀಟರ್ ಒಳಗೆ ವಾಸಿಸುವ ಮೀನುಗಾರ ಕುಟುಂಬಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸಲು ಕೇರಳ 2,450 ಕೋಟಿ ರೂಪಾಯಿಯ ಈ ಯೋಜನೆ ಹಾಕಿಕೊಂಡಿತು. ಸಮೀಕ್ಷೆಯಲ್ಲಿ ಸಿಕ್ಕ ಕುಟುಂಬಗಳು 18,685. ಒಂದು ಕುಟುಂಬಕ್ಕೆ 10 ಲಕ್ಷ, ಅದರಲ್ಲಿ ಭೂಮಿಗೆ 6 ಲಕ್ಷ, ಮನೆಗೆ 4 ಲಕ್ಷ. ದೇಶದ ಯಾವುದೇ ಕರಾವಳಿ ರಾಜ್ಯಕ್ಕೆ ಹೋಲಿಸಿದರೂ ಇದು ದಿಟ್ಟ ಹೆಜ್ಜೆ. ಆದರೆ ತಲಪಾಡಿಯಿಂದ ಚೆಂಗಳದ ವರೆಗೆ ಹೆದ್ದಾರಿ ಆರು ಪಥವಾದ ಮೇಲೆ, ಉಪ್ಪಳ, ಹೊಸಂಗಡಿ ಸುತ್ತಮುತ್ತ ಆರು ಲಕ್ಷಕ್ಕೆ ಮನೆ ಕಟ್ಟುವಷ್ಟು ಜಾಗ ಹುಡುಕುವುದು ಸಣ್ಣ ಮಾತಲ್ಲ. ಒಳನಾಡಿನ ಗುಡ್ಡದ ಮೇಲೆ ಸಿಕ್ಕೀತು. ಅಲ್ಲಿಂದ ಬೆಳಗಿನ ಜಾವ ಮೂರು ಗಂಟೆಗೆ ದೋಣಿಗೆ ಬರುವುದು ಹೇಗೆ, ಒಣಗಿಸಿದ ಮೀನು ಇಡುವುದೆಲ್ಲಿ, ಬಲೆ ಕಾಯುವವರು ಯಾರು? ಕಡಲಿನಿಂದ ದೂರ ಹೋಗಿ ಎಂದು ಹೇಳುವವರು ಕಡಲೇ ಕೆಲಸದ ಜಾಗವಾಗಿರುವ ಜನರೊಂದಿಗೆ ಕುಳಿತು ಮಾತಾಡಬೇಕು. ಐವತ್ತು ಮೀಟರಿನ ಗೆರೆಯಾಚೆ ಅರುವತ್ತನೆಯ ಮೀಟರಿನಲ್ಲಿ ಇರುವ ಮನೆಯವರನ್ನೂ ಕರೆಯಬೇಕು, ಏಕೆಂದರೆ ಮುಂದಿನ ಸರದಿ ಅವರದು. ಹದಿನೈದನೆಯ ಹಣಕಾಸು ಆಯೋಗ ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆಂದೇ 1,000 ಕೋಟಿ ರೂಪಾಯಿ ತೆಗೆದಿಡಲು ಶಿಫಾರಸು ಮಾಡಿತ್ತು. ಅಂತಹ ನಿಧಿಯ ಬಾಗಿಲು ತಟ್ಟಲು ಗ್ರಾಮ ಪಂಚಾಯತ್ ಮಟ್ಟದ ಪಟ್ಟಿ ಸಿದ್ಧ ಇರಬೇಕಾಗುತ್ತದೆ.

ಕಾಲಕ್ಕೂ ಒಂದು ಅಂಚು ಉಂಟು ಎಂದು ಮೇಲೆ ಸೂಚಿಸಿದೆ. 2017ರ ಸೆಪ್ಟೆಂಬರಿನಲ್ಲಿ ಮರಿಯಾ ಎಂಬ ಚಂಡಮಾರುತ ಪೋರ್ಟೊರಿಕೊ ದ್ವೀಪಕ್ಕೆ ಬಡಿದಾಗ ಸರಕಾರಿ ಲೆಕ್ಕದ ಸಾವು 64. ಮರುವರ್ಷ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನದ ನಂತರ ಆ ಸಂಖ್ಯೆಯನ್ನು 2,975ಕ್ಕೆ ತಿದ್ದಲಾಯಿತು. ನಡುವಿನ ಸುಮಾರು ಮೂರು ಸಾವಿರ ಜನರಲ್ಲಿ ಬಹುಪಾಲು ಗಾಳಿಗೆ ಸತ್ತವರಲ್ಲ. ತಿಂಗಳುಗಟ್ಟಲೆ ಕರೆಂಟ್ ಇಲ್ಲದೆ, ರಸ್ತೆ ಇಲ್ಲದೆ, ಔಷಧ ಮತ್ತು ಚಿಕಿತ್ಸೆ ತಪ್ಪಿ ಸತ್ತವರು, ಅದರಲ್ಲಿಯೂ ವಯಸ್ಸಾದವರು, ಬಡವರು. ಕಾಸರಗೋಡಿನವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ದೊಡ್ಡ ಕಾಯಿಲೆಗೆ ಮಂಗಳೂರನ್ನು ನಂಬಿದವರು ನಾವು. 2020ರ ಮಾರ್ಚ್ ಕೊನೆಗೆ ಲಾಕ್‌ಡೌನಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಚಿಕಿತ್ಸೆ ಸಿಗದೆ ಜೀವ ಹೋದ ಮನೆಗಳು ಇನ್ನೂ ಇವೆ. ರಸ್ತೆ ಕಡಿದುಹೋಗುವುದು ಆದೇಶದಿಂದಲೂ ಆಗಬಹುದು, ಪ್ರವಾಹದಿಂದಲೂ ಆಗಬಹುದು. ಡಯಾಲಿಸಿಸ್ ಬೇಕಾದವರು ಯಾರು, ಆಮ್ಲಜನಕ ಬೇಕಾದವರು ಯಾರು, ಹೆರಿಗೆಯ ದಿನ ಹತ್ತಿರವಿರುವವರು ಯಾರು ಎಂಬ ಪಟ್ಟಿ ಪ್ರತಿ ವಾರ್ಡಿನ ಆಶಾ ಕಾರ್ಯಕರ್ತೆಯ ಬಳಿ ಮಳೆಗಾಲಕ್ಕೆ ಮೊದಲೇ ಇದ್ದು, ಅದನ್ನು ಎರಡೂ ಜಿಲ್ಲಾಡಳಿತಗಳು ಒಟ್ಟಿಗೆ ನೋಡುವ ಏರ್ಪಾಡು ಆಗಬೇಕು.

ಅರಬ್ಬಿ ಸಮುದ್ರ ಹಿಂದಿನಂತೆ ಇಲ್ಲ ಎಂಬುದು ಈಗ ದೋಣಿಯವರ ಅನಿಸಿಕೆಯಾಗಿ ಮಾತ್ರ ಉಳಿದಿಲ್ಲ. 1982ರಿಂದ 2000ದ ವರೆಗಿನ ಅವಧಿಗೆ ಹೋಲಿಸಿದರೆ 2001ರಿಂದ 2019ರ ನಡುವೆ ಇಲ್ಲಿನ ಚಂಡಮಾರುತಗಳ ಸಂಖ್ಯೆ ಶೇಕಡಾ 52ರಷ್ಟು ಹೆಚ್ಚಿದೆ ಎಂದು ಭಾರತೀಯ ವಿಜ್ಞಾನಿಗಳ ಅಧ್ಯಯನ 2021ರಲ್ಲಿ ತೋರಿಸಿತು. ಅತಿ ತೀವ್ರ ಚಂಡಮಾರುತಗಳ ಹೆಚ್ಚಳ ಶೇಕಡಾ 150. ಕಡಲ ಮೇಲ್ಪದರ ಬಿಸಿಯಾಗುತ್ತಿರುವುದು ಇದರ ಹಿಂದಿರುವ ಮುಖ್ಯ ಕಾರಣ. 2019ರ ಒಂದೇ ವರ್ಷದಲ್ಲಿ ವಾಯು, ಹಿಕಾ, ಕ್ಯಾರ್, ಮಹಾ, ಪವನ್ ಎಂದು ಐದು ಎದ್ದವು.

ಈ ಕಡಲಿನ ಆಚೆ ದಡದಲ್ಲಿಯೂ ನಮ್ಮವರಿದ್ದಾರೆ. 2007ರ ಗೋನು ಒಮಾನಿಗೆ ಅಪ್ಪಳಿಸಿದಾಗ, 2018ರಲ್ಲಿ ಮೆಕುನು ಸಲಾಲಾವನ್ನು ಮುಳುಗಿಸಿದಾಗ ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಫೋನು ಬರುವ ವರೆಗೆ ಒಲೆ ಹೊತ್ತಲಿಲ್ಲ. 2021ರ ಸೆಪ್ಟೆಂಬರ್ 26ರಂದು ಆಂಧ್ರದ ಕಳಿಂಗಪಟ್ಟಣದ ಬಳಿ ನೆಲ ಹತ್ತಿದ ಗುಲಾಬ್ ಚಂಡಮಾರುತ ದುರ್ಬಲಗೊಂಡು ಇಡೀ ಪರ್ಯಾಯ ದ್ವೀಪವನ್ನು ದಾಟಿ, ಅರಬ್ಬಿ ಸಮುದ್ರದಲ್ಲಿ ಮತ್ತೆ ಬಲ ಪಡೆದು, ಶಾಹೀನ್ ಎಂಬ ಹೊಸ ಹೆಸರಿನಲ್ಲಿ ಅಕ್ಟೋಬರ್ 3ರಂದು ಒಮಾನಿನ ಬಾತಿನಾ ಕರಾವಳಿಗೆ ಬಡಿಯಿತು. ಅಲ್ಲಿಗೆ ದುಡಿಯಲು ಹೋದ ಪರದೇಶಿಗರೂ ಕೆಸರು ತೆಗೆಯಲು ಒಮಾನಿಗಳ ಜೊತೆ ಕೈಜೋಡಿಸಿದರು. ಓಖಿಯ ಸಮಯದಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೇವಗಡ ಬಂದರಿಗೆ 68 ದೋಣಿಗಳಲ್ಲಿ ಬಂದು ಸೇರಿದ 952 ಮೀನುಗಾರರಿಗೆ ಅನ್ನ, ಆಶ್ರಯ ಕೊಟ್ಟವರಿಗೆ ಬಂದವರ ಭಾಷೆ ಬರುತ್ತಿರಲಿಲ್ಲ. ಗಡಿಯಲ್ಲಿ ಬದುಕುವ ನಮ್ಮಂಥವರಿಗೆ ಇದು ಹೆಮ್ಮೆಯ ಉದಾಹರಣೆ, ಅನುಸರಿಸಬೇಕಾದ್ದೂ ಹೌದು.

ಹಾಗಾದರೆ ಕಳಕಳಿ ಇರುವವರು ಮಾಡುವುದೇನು? ಹಳೆಯ ಬಟ್ಟೆ ಕಳುಹಿಸುವುದನ್ನು ಮೊದಲು ಬಿಡೋಣ. 2004ರ ಸುನಾಮಿಯ ನಂತರ ನಾಗಪಟ್ಟಿಣದ ಕಡೆ ದಾನದ ಹಳೆಯ ಬಟ್ಟೆಗಳು ರಸ್ತೆಬದಿಯಲ್ಲಿ ರಾಶಿ ಬಿದ್ದು ಕೊಳೆತವು, ಅವನ್ನು ತೆಗೆಯುವುದೇ ಇನ್ನೊಂದು ಕೆಲಸವಾಯಿತು. ಹಣವೇ ಒಳ್ಳೆಯದು, ಅದೂ ಲೆಕ್ಕ ಕೊಡುವ ಸಂಸ್ಥೆಗೆ. ಜಮೈಕಾದಂತಹ ದೂರದ ದೇಶಕ್ಕಾದರೆ ರೆಡ್‌ಕ್ರಾಸ್ ಅಥವಾ ವಿಶ್ವಸಂಸ್ಥೆಯ ಅಂಗಸಂಸ್ಥೆಗಳಿವೆ. ಬೇರೆ ವರ್ಷದ ವಿಡಿಯೊವನ್ನು ಇಂದಿನದೆಂದು ಹಂಚುವುದು ಆಚೆ ದಡದಲ್ಲಿ ಮಗ ಇರುವ ತಾಯಿಯ ಎದೆ ಒಡೆಯುವ ಕೆಲಸ, ಅದನ್ನು ತಡೆಯುವುದೂ ಸೇವೆಯೇ.

ನಮ್ಮೂರಿನಲ್ಲಿ ಮಾಡುವ ಕೆಲಸ ಇದಕ್ಕಿಂತ ದೊಡ್ಡದು, ಮತ್ತು ಅದರ ಸಮಯ ಬೇರೆ. ಮೊದಲ ವಾರ ಅನ್ನ, ಹಾಸಿಗೆ, ನೀರು ಹೇಗೋ ಸಿಗುತ್ತದೆ. ದೈವಸ್ಥಾನದವರು, ಮಸೀದಿ ಕಮಿಟಿಯವರು, ಇಗರ್ಜಿಯವರು, ಯುವಕ ಮಂಡಲದ ಹುಡುಗರು ಬಂದೇ ಬರುತ್ತಾರೆ, ಯಾರೂ ಹೇಳಬೇಕಾಗಿಲ್ಲ. ಮೂರನೆಯ ತಿಂಗಳಿನಲ್ಲಿ ಬಾಡಿಗೆ ಮನೆಯ ಬಾಡಿಗೆ, ಬಲೆಗೆ ತೆಗೆದ ಸಾಲದ ಕಂತು, ಮಕ್ಕಳ ಬಸ್ ಖರ್ಚು ಎದುರಾಗುತ್ತವೆ. ಆಗ ಬರುವವರು ಕಡಿಮೆ. ಕನ್ನಡ ಸಂಘಗಳು, ಕನ್ನಡ ಶಾಲೆಗಳ ಹಳೆ ವಿದ್ಯಾರ್ಥಿಗಳು ಈ ಮೂರನೆಯ ತಿಂಗಳನ್ನು ತಮ್ಮದಾಗಿಸಿಕೊಳ್ಳಬಹುದು. ಮಲಯಾಳ ಓದಿ ಬರೆಯಬಲ್ಲ ನಮ್ಮ ಯುವಕ ಯುವತಿಯರು ಈಗ ಪ್ರತಿ ಮನೆಯಲ್ಲಿಯೂ ಇದ್ದಾರೆ. ಪಂಚಾಯತಿಗೆ ನಾಲ್ಕೈದು ಜನ ಸೇರಿ ಪರಿಹಾರದ ಅರ್ಜಿ, ಬೆಳೆ ವಿಮೆಯ ನೋಂದಣಿ, ಪುನರ್ಗೇಹಂ ಕಾಗದಪತ್ರ ತುಂಬಿಸಿಕೊಡಬಹುದು, ಮರಳಿ ಬಂದ ಅರ್ಜಿಯ ಹಿಂದೆ ವಿಲ್ಲೇಜ್ ಆಫೀಸಿಗೆ ಓಡಾಡಬಹುದು. ಹಾನಿಯಾಗುವ ಮೊದಲಿನ ಮನೆ ಮತ್ತು ತೋಟದ ಫೋಟೋ, ತೆರಿಗೆ ರಶೀದಿ, ರೇಷನ್ ಕಾರ್ಡ್, ದೋಣಿಯ ನೋಂದಣಿ ಪತ್ರ ಇವುಗಳ ನಕಲನ್ನು ಮೊಬೈಲಿನಲ್ಲಿ ತೆಗೆದು ಗಲ್ಫಿನಲ್ಲಿರುವ ಮಗನಿಗೋ ಮಗಳಿಗೋ ಕಳುಹಿಸಿಟ್ಟರೆ, ನೀರು ನುಗ್ಗಿದ ಮೇಲೆಯೂ ದಾಖಲೆ ಉಳಿಯುತ್ತದೆ.

ತಿರುವನಂತಪುರದ ಕೇಂದ್ರದಿಂದ ಬರುವ ಎಚ್ಚರಿಕೆಯನ್ನು ಕಾಸರಗೋಡು ಜಿಲ್ಲೆಗೆಂದೇ ಕನ್ನಡದಲ್ಲಿ ಹೊರಡಿಸುವಂತೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಪಂಚಾಯತ್‌ಗಳು ನಿರ್ಣಯ ಮಾಡಿ ಕಳುಹಿಸಬೇಕು. ತೌಕ್ತೆ ಎದ್ದದ್ದು ಮೇ ನಡುವಿನಲ್ಲಿ, ಓಖಿ ನವೆಂಬರ್ ಕೊನೆಯಲ್ಲಿ. ಅರಬ್ಬಿ ಸಮುದ್ರಕ್ಕೆ ವರ್ಷಕ್ಕೆ ಇಂತಹ ಎರಡು ಋತುಗಳಿವೆ. ಮೊದಲನೆಯದಕ್ಕೆ ಸಿದ್ಧವಾಗಬೇಕಾದರೆ ನಿರ್ಣಯ ಏಪ್ರಿಲ್ ತಿಂಗಳ ಗ್ರಾಮಸಭೆಗಿಂತ ತಡವಾಗಬಾರದು.